ಚೀಲದೊಳಗಿನ ಚುಕ್ಕೆ

ಜೂನ್ 9

ಅಪ್ಪಾ,

ಮೊನ್ನೆ ಫೋನಿನಲ್ಲಿ ನಾನು ಮೂರು ಸಲ ಕೂಗಿ ಹೇಳಿದ್ದು ನಿಮಗೆ ಕೇಳಿಸಲಿಲ್ಲ, ಕೆಳಗಿನ ಮನೆಯವರಿಗೆಲ್ಲ ಕೇಳಿಸಿತು. "ಮಗಳ ಕೈಗೆ ಏನಾಯ್ತು?" ಅಂತ ಮೆಟ್ಟಿಲಲ್ಲೇ ಇಬ್ಬರು ವಿಚಾರಿಸಿದರು. ನಿಮ್ಮ ಕಿವಿಗೂ ನನ್ನ ಗಂಟಲಿಗೂ ಇನ್ನು ಕಾಗದವೇ ಒಳ್ಳೆಯದು.

ವಿಷಯ ದೊಡ್ಡದಲ್ಲ. ಬುಗುರಿಯ ಎಡ ತೋಳಿನಲ್ಲಿ ಒಂದು ಗಂಟು ಬಂದಿದೆ, ಅವರೆಕಾಳಿನಷ್ಟು. ಒತ್ತಿದರೆ ನೋವು ಅನ್ನುತ್ತಾಳೆ. ಹೋದ ತಿಂಗಳು ಉಯ್ಯಾಲೆಯಿಂದ ಬಿದ್ದಿದ್ದಳು, ಅದರದ್ದೇ ಇರಬೇಕು. ಶನಿವಾರ ಕೊನೆಯ ಗರ್ಭಿಣಿ ಹೋದ ಮೇಲೆ ಅವಳನ್ನು ನಮ್ಮ ಸ್ಕ್ಯಾನ್ ಕೋಣೆಯಲ್ಲಿ ಮಲಗಿಸಿ ನಾನೇ ನೋಡಿದೆ. ಸ್ವಂತ ಮನೆಯವರ ಸ್ಕ್ಯಾನ್ ಮಾಡಬಾರದು ಅಂತ ನಮ್ಮಲ್ಲಿ ನಿಯಮವಿದೆ. ಆದರೆ ಹಿರಿಯ ಡಾಕ್ಟರು ರಜೆಯಲ್ಲಿದ್ದರು, ಮಗು ಎದುರಿಗಿತ್ತು, ಯಂತ್ರ ಇನ್ನೂ ಆರಿಸಿರಲಿಲ್ಲ. ಜೆಲ್ ತಣ್ಣಗಿದೆ, ಕಚಗುಳಿಯಾಗುತ್ತೆ ಅಂತ ಒದ್ದಾಡಿ ಐದು ನಿಮಿಷವೂ ನೆಟ್ಟಗೆ ಮಲಗಲಿಲ್ಲ. ಎಂಟು ವರ್ಷವಾದರೂ ನೀವಿಟ್ಟ ಹೆಸರಿಗೆ ಮೋಸ ಮಾಡಿಲ್ಲ.

ನಿಮಗೆ ಬರೀ ಮಾತಿನಲ್ಲಿ ಹೇಳಿದರೆ ಹಿಡಿಸುವುದಿಲ್ಲ, ಹಾಗಾಗಿ ಕೆಳಗೆ ಚಿತ್ರ ಬರೆದಿದ್ದೇನೆ. ಸ್ನಾಯುವಿನ ಒಳಗೆ ಒಂದು ಉದ್ದುದ್ದನೆಯ ಪುಟ್ಟ ಚೀಲ. ಒಳಗೆಲ್ಲ ಕಪ್ಪು, ಅಂದರೆ ನೀರು. ಒಂದು ಬದಿಗೆ ಅಂಟಿಕೊಂಡ ಹಾಗೆ ಒಂದು ಬಿಳಿ ಚುಕ್ಕೆ. ಹೆಪ್ಪುಗಟ್ಟಿದ ರಕ್ತದ ಚೂರು ಅಂತ ನನ್ನ ಅಂದಾಜು. ಅಡುಗೆಯಕ್ಕ ದಿನಾ ಬಿಸಿ ಬಟ್ಟೆ ಒತ್ತುತ್ತಾರೆ. ಅವರು ಒತ್ತಿದರೆ ಮಾತ್ರ ಸುಮ್ಮನೆ ಕೂರುತ್ತಾಳೆ.

ನಿಮ್ಮ ಸೌತೆಕಾಯಿ ಚಾಕು ಇನ್ನೂ ಇಲ್ಲೇ ಇದೆ. ಬುಗುರಿ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. "ಅಜ್ಜ ಬಂದು ಹೆಚ್ಚಲಿ" ಅಂತ ಡ್ರಾಯರಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಯಾವಾಗ ಬರುತ್ತೀರಿ?

ನಿಮ್ಮ ಅಳಿಯ ಕೇಳಿದೆ ಅಂತ ಹೇಳಲು ಹೇಳಿದರು.

ನಿಮ್ಮ ಮಗಳು


ಜುಲೈ 2

ಮಗಳೇ,

ನಿನ್ನ ಕಾಗದ ಬಂದು ಮೂರು ವಾರವಾಗುತ್ತಾ ಬಂತು. ಉತ್ತರ ತಡವಾಯಿತು. ತಡವಾದದ್ದಕ್ಕೆ ಕಾರಣವೇನೂ ಇಲ್ಲ.

ಇಲ್ಲಿ ಎಲ್ಲ ಎಂದಿನಂತೆ. ತೂಕದಣ್ಣನೂ ನಾನೂ ದಿನಕ್ಕೆ ಎರಡು ಸಲ ಮೂರು ಮಹಡಿ ಇಳಿದು ಹತ್ತುತ್ತೇವೆ. ಕಸಾಯಿಖಾನೆಯಲ್ಲಿ ಮೂವತ್ತು ವರ್ಷ ತಕ್ಕಡಿ ನೋಡಿಕೊಂಡವನು ಈಗ ನಾವಿಬ್ಬರೂ ಇರುವ ಒಂದೇ ಕೋಣೆಯಲ್ಲಿ ನನ್ನ ಚಹಾದ ಸಕ್ಕರೆಯನ್ನೂ ತೂಗುತ್ತಾನೆ. ಚಮಚ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ.

ಚಿತ್ರ ಚೆನ್ನಾಗಿದೆ. ನಿನ್ನ ಕೈ ಮೊದಲಿಂದಲೂ ಸ್ಪಷ್ಟ. ಮಕ್ಕಳ ಮೈಯಲ್ಲಿ ಗಂಟು ಬರುವುದು ಹೋಗುವುದು ಇದ್ದದ್ದೇ. ಆದರೂ ಹಿರಿಯ ಡಾಕ್ಟರು ರಜೆ ಮುಗಿಸಿ ಬಂದಿದ್ದರೆ ಅವರ ಕಣ್ಣಿಗೂ ಒಮ್ಮೆ ಹಾಕು. ತಡ ಮಾಡಬೇಡ. ಬುಗುರಿಗೆ ತಲೆನೋವು ಇದೆಯಾ? ಆಟದ ಮಧ್ಯೆ ಸುಮ್ಮನೆ ನಿಂತುಬಿಡುತ್ತಾಳಾ? ಇಲ್ಲದಿದ್ದರೆ ಇಲ್ಲ ಅಂತ ಬರೆ.

ಇನ್ನೊಂದು ಮಾತು. ಮೂವತ್ತೊಂದು ವರ್ಷ ಮಾಂಸ ತಪಾಸಣೆ ಮಾಡಿದವನಾಗಿ ಹೇಳುತ್ತಿದ್ದೇನೆ. ಕೆಲವು ರೋಗ ಊಟದ ಜೊತೆ ಬರುತ್ತವೆ, ಕೈಯಿಂದ. ಮನೆಯಲ್ಲಿ ಅಡುಗೆ ಮಾಡುವವರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಚಾಕುವನ್ನು ಎಸೆದುಬಿಡು. ಹಿಡಿ ಸಡಿಲವಾಗಿದೆ.

ಅಪ್ಪ


ಜುಲೈ 20

ಅಪ್ಪಾ,

ನೀವು ತಲೆನೋವು ಇದೆಯಾ ಅಂತ ಕೇಳಿದ್ದಿರಿ. ಆ ಕಾಗದ ಕೈಗೆ ಸಿಕ್ಕಿದ ನಾಲ್ಕನೇ ದಿನ ಶಾಲೆಯಲ್ಲಿ, ನಲ್ಲಿಯ ಮುಂದೆ ಸಾಲಿನಲ್ಲಿ ನಿಂತವಳು ಬಿದ್ದಳು. ಫಿಟ್ಸ್. ನಾನು ಹೋಗುವಷ್ಟರಲ್ಲಿ ಎದ್ದು ಕೂತಿದ್ದಳು. ಒಂದು ಕಾಲಿನ ಶೂ ಇರಲಿಲ್ಲ. "ಅಮ್ಮ, ನಾನು ತಳ್ಳಲಿಲ್ಲ, ನಾನೇ ಬಿದ್ದೆ" ಅಂದಳು, ನಾನು ಬೈಯುತ್ತೇನೆ ಅಂದುಕೊಂಡು.

ಎಂಆರ್‌ಐ ಆಯಿತು. ಮೆದುಳಿನಲ್ಲಿ ಒಂದು ಇದೆ, ಸುತ್ತ ಊತ. ಅದೇ ಚೀಲ, ಅದೇ ಚುಕ್ಕೆ.

ಹಿರಿಯ ಡಾಕ್ಟರು ತೋಳಿನ ಸ್ಕ್ಯಾನ್ ಮತ್ತೆ ಮಾಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ತೋಳಿನ ಮೇಲೆ ಸ್ಕ್ಯಾನಿನ ಪ್ರೋಬ್ ಇಟ್ಟು ಅರ್ಧ ನಿಮಿಷ ಆಗಿರಲಿಲ್ಲ, ಕೈ ನಿಲ್ಲಿಸಿದರು.

"ನೀವು ಮೊದಲೇ ನೋಡಿದ್ದೆ ಅಂದ್ರಲ್ಲ?"

"ಹೌದು ಸರ್."

"ಚುಕ್ಕೆ ಕಾಣಲಿಲ್ವಾ?"

"ಕಾಣ್ತು ಸರ್."

ಅವರು ವರದಿ ಬರೆಯಲು ತಿರುಗಿದರು. ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಸ್ನಾಯುವಿನ ಒಳಗೆ ನೀರಿನ ಚೀಲ, ಅದರೊಳಗೆ ಒಂದೇ ಒಂದು ಚುಕ್ಕೆ ಇದ್ದರೆ ಅದು ಹಂದಿಯ ಲಾಡಿಹುಳುವಿನ ಮರಿ, ಚುಕ್ಕೆಯೇ ಅದರ ತಲೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಬೇರೆ ಯಾರ ಮಗು ಆ ಹಾಸಿಗೆಯಲ್ಲಿ ಮಲಗಿದ್ದರೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದೆ. ಆ ಶನಿವಾರ ನನ್ನ ತಲೆಗೆ ಬಂದದ್ದು ಒಂದೇ ಮಾತು, ನಮ್ಮ ಮನೆಯಲ್ಲಿ ಹಂದಿ ಮಾಂಸ ತಿನ್ನುವುದಿಲ್ಲವಲ್ಲ ಅಂತ. ಆಮೇಲೆ ರಕ್ತದ ಚೂರು ಅಂತ ಹೆಸರಿಟ್ಟೆ.

ಹಿರಿಯ ಡಾಕ್ಟರು ನಿಮ್ಮ ಅಳಿಯನಿಗೆ ವಿವರಿಸಿದ್ದು ಹೀಗೆ: ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ, ಅವರಿಗೆ ಹೆಚ್ಚು ತೊಂದರೆಯೇನೂ ಇಲ್ಲ. ಅವರ ಮಲದಲ್ಲಿ ಅದರ ಮೊಟ್ಟೆ ಬರುತ್ತದೆ. ಕೈ ಸರಿಯಾಗಿ ತೊಳೆಯದೆ ಅವರು ಕೊಟ್ಟ ತುತ್ತಿನಲ್ಲಿ ಮೊಟ್ಟೆ ಇನ್ನೊಬ್ಬರ ಬಾಯಿಗೆ ಹೋದರೆ, ಆ ಇನ್ನೊಬ್ಬರ ಮೈಯಲ್ಲಿ ಮರಿಗಳು ಚೀಲ ಕಟ್ಟಿಕೊಳ್ಳುತ್ತವೆ. ತಿಂದವರೊಬ್ಬರು, ಅನುಭವಿಸುವವರು ಇನ್ನೊಬ್ಬರು.

ನೀವು ಅಡುಗೆಯವರ ಬಗ್ಗೆ ಬರೆದದ್ದು ಆಗ ನೆನಪಾಯಿತು. ನಿನ್ನೆ ಬೆಳಿಗ್ಗೆ ಅಡುಗೆಯಕ್ಕನನ್ನು ಬಿಡಿಸಿದೆ. ಅವರ ಮನೆಯಲ್ಲಿ ಹಂದಿ ತಿನ್ನುತ್ತಾರೆ, ಅವರೇ ಒಮ್ಮೆ ಹೇಳಿದ್ದರು. ಪರೀಕ್ಷೆಗೆ ಕೊಡಿ ಅಂದೆ. "ಕೊಡ್ತೀನಿ. ನೋಡಿ ಆಮೇಲೆ ಬಿಡಿಸಿ. ನೋಡೋ ಮೊದಲೇ ಬಿಡಿಸೋದು ಯಾವ ಡಾಕ್ಟರಿಕೆ?" ಅಂದರು. ಕೈಯಲ್ಲಿ ಅರ್ಧ ತೊಳೆದ ಪಾತ್ರೆ ಇತ್ತು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡೆ. ತೆಗೆದುಕೊಂಡು ಮತ್ತೆ ಮೊದಲಿಂದ ತೊಳೆದೆ, ಅವರಿನ್ನೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ. ಅವರು ಅದನ್ನು ನೋಡಿದರು.

ಬುಗುರಿ ಅಡುಗೆಯಕ್ಕ ಎಲ್ಲಿ ಅಂತ ಕೇಳುತ್ತಿದ್ದಾಳೆ.

ನಿಮ್ಮ ಮಗಳು


ಜುಲೈ 29

ಮಗಳೇ,

ಔಷಧಿ ಶುರುವಾಯಿತಾ? ಮೊದಲು ಊತ ಇಳಿಸಿ, ಆಮೇಲೆ ಮರಿಹುಳಕ್ಕೆ ಕೊಡುತ್ತಾರೆ ಅಂತ ಇಲ್ಲಿನ ಔಷಧಿ ಅಂಗಡಿಯವನು ಹೇಳಿದ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ಒಂದು ಹೊತ್ತೂ ತಪ್ಪಿಸಬೇಡ.

ತೂಕದಣ್ಣನಿಗೆ ಹೇಳಿದೆ. ಅವನು ಆ ದಿನ ಚಹಾ ಕುಡಿಯಲಿಲ್ಲ.

ಇನ್ನೊಂದು ವಿಷಯ ಬರೆಯಬೇಕು ಅಂತ ಕೂತೆ. ಕಾಗದ ಮುಗಿಯಿತು.

ಅಪ್ಪ


ಆಗಸ್ಟ್ 24

ಅಪ್ಪಾ,

ನಿಮ್ಮ ಕಾಗದ ಅರ್ಧ ಖಾಲಿ ಇತ್ತು.

ಬುಗುರಿಗೆ ಇನ್ನೊಮ್ಮೆ ಫಿಟ್ಸ್ ಬಂದಿಲ್ಲ. ಔಷಧಿಗೆ ಮುಖ ಊದಿಕೊಂಡಿದೆ. ಕನ್ನಡಿಯಲ್ಲಿ ನೋಡಿಕೊಂಡು ತಾನೇ ನಗುತ್ತಾಳೆ, ಆಮೇಲೆ ಶಾಲೆಗೆ ಹೋಗಲ್ಲ ಅನ್ನುತ್ತಾಳೆ.

ಹೋದ ವಾರ ಅಡುಗೆಯಕ್ಕ ನಮ್ಮ ಆಸ್ಪತ್ರೆಗೆ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಗರ್ಭಿಣಿಯರ ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಬಂದರು. ಮೂರು ವರದಿ ಮೇಜಿನ ಮೇಲಿಟ್ಟರು. ಮೂರು ಬೇರೆ ಬೇರೆ ದಿನದ ಮಲಪರೀಕ್ಷೆ. ಒಂದು ಸಲಕ್ಕೆ ಗೊತ್ತಾಗುವುದಿಲ್ಲ, ಮೂರು ಸಲ ಬೇಕು ಅಂತ ಅವರೇ ಕೇಳಿ ತಿಳಿದುಕೊಂಡು ಮಾಡಿಸಿದ್ದರು. ಮೂರರಲ್ಲೂ ಏನೂ ಇಲ್ಲ.

"ಓದಿ" ಅಂದರು. ಓದಿದೆ.

"ಜೋರಾಗಿ ಓದಿ. ಹೊರಗೆ ಕೂತೋರಿಗೂ ಕೇಳ್ಲಿ."

ನಾನು ಜೋರಾಗಿ ಓದಲಿಲ್ಲ ಅಪ್ಪಾ. ಅವರು ವರದಿ ಮಡಚಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ಮಗು ಹೇಗಿದೆ?" ಅಂತ ಕೇಳಿದರು. ಅದೊಂದನ್ನು ಕೇಳದೆ ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ಮತ್ತು ನಿಮ್ಮ ಅಳಿಯನ ಪರೀಕ್ಷೆಯೂ ಆಯಿತು. ಏನೂ ಇಲ್ಲ. ಮೊಟ್ಟೆ ಹೊಟ್ಟೆಗೆ ಹೋಗಿ ಗಂಟು ಕಾಣಿಸಲು ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಹಾಗಾಗಿ ಕಳೆದ ಮೂರು ವರ್ಷದಲ್ಲಿ ಮಗುವಿಗೆ ಉಣಿಸಿದವರೆಲ್ಲರ ಪಟ್ಟಿ ಕೊಡಿ ಅಂದರು ಹಿರಿಯರು. ಬರೆದೆ. ಚಿಕ್ಕ ಪಟ್ಟಿ. ನಿಮ್ಮ ಹೆಸರು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ.

ನೀವು ನಮ್ಮ ಮನೆಯಲ್ಲಿದ್ದದ್ದು ಎರಡು ವರ್ಷದ ಹಿಂದೆ, ಹತ್ತು ತಿಂಗಳು. ಮೊದಲ ಮಹಡಿಯ ಮೆಟ್ಟಿಲು ಹತ್ತಲಾಗುವುದಿಲ್ಲ ಅಂತ ಹೊರಟುಹೋದಿರಿ. ನಿಮ್ಮ ಈಗಿನ ಕೋಣೆ ಮೂರನೇ ಮಹಡಿಯಲ್ಲಿದೆ. ಇದು ನನಗೆ ಮೊನ್ನೆಯಷ್ಟೇ ಹೊಳೆಯಿತು.

ದಯವಿಟ್ಟು ಪರೀಕ್ಷೆ ಮಾಡಿಸಿ. ಏನಿದ್ದರೂ ಬರೆಯಿರಿ.

ಮಗಳು


ಸೆಪ್ಟೆಂಬರ್ 5

ಮಗಳೇ,

ಪರೀಕ್ಷೆ ಮಾಡಿಸಿದೆ. ಇದೆ. ಮಾಡಿಸುವ ಮೊದಲೇ ನನಗೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತು ಎಂಬುದನ್ನು ಈಗ ಬರೆಯುತ್ತೇನೆ.

ನಮ್ಮ ಕಸಾಯಿಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮೊದಲ ಹಂದಿಗೆ ಯಾರು ಸೀಲು ಒತ್ತುತ್ತಾರೋ, ಅದರ ಮೊದಲ ಚೂರನ್ನು ಅವರೇ ತಿನ್ನಬೇಕು. ನಾನು ಸೇರುವ ಮೊದಲೇ ಇತ್ತು. ಮೂಲೆಯಲ್ಲಿ ಚಹಾದ ಒಲೆ, ಅದರ ಮೇಲೆ ತಂತಿಯ ಜಾಲರಿ. ಕೊಳ್ಳುವವರೆಲ್ಲ ಸುತ್ತ ನಿಂತು ನೋಡುವರು. "ಸೀಲು ಒತ್ತಿದ ಕೈ ಬಾಯಿಗೂ ಹೋಗ್ಲಿ ಇನ್‌ಸ್ಪೆಕ್ಟ್ರೇ" ಅನ್ನುವರು. ಹೊರಗೆ ಗಾಡಿಗಳು ಕಾಯುತ್ತಿರುತ್ತವೆ, ಚೂರು ಬೇಯುವವರೆಗೆ ಯಾರು ನಿಲ್ಲುತ್ತಾರೆ? ಚೂರಿನ ಹೊರಬಣ್ಣ ತಿರುಗಿದರೆ ಆಯಿತು. ಮೂವತ್ತೊಂದು ವರ್ಷ ತಿಂದೆ. ಮನೆಗೆ ಬಂದು ಬಾಯಿ ಮುಕ್ಕಳಿಸಿ ಊಟಕ್ಕೆ ಕೂರುತ್ತಿದ್ದೆ. ನಿಮ್ಮಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ.

ಹಂದಿಯ ನಾಲಿಗೆ ಎಳೆದು ಅಡಿಭಾಗವನ್ನು ಬೆರಳಿನಿಂದ ಸವರುವುದು, ಭುಜದ ಮಾಂಸವನ್ನು ಎರಡು ಕಡೆ ಕೊಯ್ದು ನೋಡುವುದು, ಇದು ನನ್ನ ಕೆಲಸ. ಚೀಲ ಇದ್ದರೆ ಅಕ್ಕಿಕಾಳಿನ ಹಾಗೆ ಕೈಗೆ ಸಿಗುತ್ತದೆ. ಒಡೆದು ನೋಡಿದರೆ ಒಳಗೆ ಬಿಳಿ ಚುಕ್ಕೆ. ಕೊನೆಯ ಎರಡು ವರ್ಷ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಎರಡು ಕಡೆ ಕೊಯ್ದರೆ ಮಾಂಸ ಕೆಡುತ್ತದೆ ಅಂತ ಗೊಣಗುತ್ತಿದ್ದರು, ಒಂದೇ ಕಡೆ ಕೊಯ್ಯುತ್ತಿದ್ದೆ. ನಾನು ಪಾಸು ಮಾಡಿದ್ದನ್ನೇ ನಾನು ತಿಂದೆ. ಅಷ್ಟರಮಟ್ಟಿಗೆ ನ್ಯಾಯವಾಗಿದೆ. ಅಲ್ಲಿಗೇ ನಿಲ್ಲಬೇಕಿತ್ತು.

ನಿಮ್ಮ ಮನೆಗೆ ಬಂದು ಎಂಟು ತಿಂಗಳಾದಾಗ ನನ್ನ ಮಲದಲ್ಲೇ ಕಂಡೆ. ಚಪ್ಪಟೆ ಲಾಡಿಯ ತುಂಡಿನ ಹಾಗೆ, ಬಿಳಿ. ಬೇರೆಯವರಿಗಾದರೆ ಏನೆಂದು ತಿಳಿಯದೆ ಹೋಗಬಹುದು. ನನಗೆ ತಿಳಿಯದೆ ಹೋಗಲು ಸಾಧ್ಯವಿರಲಿಲ್ಲ. ಆ ದಿನವೇ ನಿನಗೆ ಹೇಳಬೇಕಿತ್ತು. ನೀನು ಹೊರಗಿನ ಕೋಣೆಯಲ್ಲಿ ಬುಗುರಿಯ ಜಡೆ ಹಾಕುತ್ತಿದ್ದೆ. ಬಾಗಿಲವರೆಗೆ ಬಂದೆ. "ಏನಪ್ಪಾ?" ಅಂದೆ ನೀನು. "ಏನಿಲ್ಲ, ಬಾಚಣಿಗೆ ಎಲ್ಲಿ?" ಅಂದೆ ನಾನು. ನನ್ನ ತಲೆಯಲ್ಲಿ ಬಾಚುವಷ್ಟು ಕೂದಲು ಯಾವಾಗ ಇತ್ತು?

ಮಾಂಸದ ಇನ್‌ಸ್ಪೆಕ್ಟರ್ ಹೊಟ್ಟೆಯಲ್ಲೇ ಹುಳು ಅಂತ ಡಾಕ್ಟರರ ಮುಂದೆ ನಿಲ್ಲಲು ನಾಚಿಕೆಯಾಯಿತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಅಂಗಡಿಯಿಂದ ಯಾವುದೋ ಹುಳುವಿನ ಮಾತ್ರೆ ತಂದು ನುಂಗಿದೆ. ಕೆಲವು ದಿನ ಏನೂ ಕಾಣಲಿಲ್ಲ. ಹೋಯಿತು ಅಂದುಕೊಂಡೆ. ಮತ್ತೆ ಕಂಡಿತು. ಆಗ ಮಗುವಿಗೆ ಹೆದರಿ, ಮೆಟ್ಟಿಲಿನ ನೆಪ ಹೇಳಿ ಹೊರಟೆ. ಆದರೆ ಅದಕ್ಕೆ ಮುಂಚೆ ಹತ್ತು ತಿಂಗಳು ದಿನಾ ಸಂಜೆ ಅವಳಿಗೆ ಸೌತೆಕಾಯಿ ಹೆಚ್ಚಿ ಬಾಯಿಗಿಟ್ಟದ್ದು ಈ ಕೈಯೇ. ಕಂಡ ಮೇಲೂ ಎರಡು ತಿಂಗಳು ಇಟ್ಟೆ. ಚೆನ್ನಾಗಿ ತೊಳೆದುಕೊಂಡೇ ಇಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ.

ನಿನ್ನ ಮೊದಲ ಕಾಗದ ಬಿಚ್ಚಿ ಚಿತ್ರ ನೋಡಿದೆ. ಕೆಳಗಿನ ವಿವರ ಓದುವ ಅಗತ್ಯವೇ ಇರಲಿಲ್ಲ. ಅಂಥ ಚಿತ್ರ ನನ್ನ ತಪಾಸಣೆ ಪುಸ್ತಕದಲ್ಲಿ ನಾನೇ ನೂರಾರು ಬರೆದಿದ್ದೇನೆ. ಮೂರು ವಾರ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದು, ಕೊನೆಗೆ ಅಡುಗೆಯವರನ್ನು ಪರೀಕ್ಷೆ ಮಾಡಿಸು ಅಂತ ಬರೆದೆ. ಬರೆಯುವಾಗ ಅದು ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆ ಹೆಂಗಸಿನ ಕೆಲಸ ಕಳೆದದ್ದು ನಿನ್ನ ಮಾತಲ್ಲ, ನನ್ನ ಆ ಒಂದು ಸಾಲು.

ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಒಂದೇ ಸಲ ನುಂಗುವುದು, ಒಂದು ಲೋಟ ನೀರಿನ ಜೊತೆ. ನರ್ಸು, "ಅಷ್ಟೇ ಅಜ್ಜ, ಮುಗೀತು, ಎದ್ದೇಳಿ" ಅಂದಳು. ಇಷ್ಟೇ ಆಗಿತ್ತು.

ಒಳಗೆ ಇನ್ನೊಂದು ಚೀಟಿ ಮಡಚಿಟ್ಟಿದ್ದೇನೆ. ಅದು ಅಡುಗೆಯಕ್ಕನಿಗೆ. ವಿಳಾಸ ನನಗೆ ಗೊತ್ತಿಲ್ಲ. ನೀನೇ ತಲುಪಿಸಬೇಕು.

ನಿನ್ನ ಉತ್ತರಕ್ಕೆ ಕಾಯುತ್ತೇನೆ ಅಂತ ಬರೆಯುವ ಯೋಗ್ಯತೆ ನನಗಿಲ್ಲ.

ಅಪ್ಪ


ನವೆಂಬರ್ 16

ಅಪ್ಪಾ,

ಎರಡು ತಿಂಗಳಲ್ಲಿ ನಾಲ್ಕು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ನಿಮ್ಮನ್ನು ಬೈದದ್ದು ಬಿಟ್ಟು ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಬೈಗುಳ ಎಲ್ಲಿ ಮುಗಿದು ನನ್ನ ವಿಷಯ ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ನೀವು ಕಾಗದದ ಮೇಲೆ ಆ ಚುಕ್ಕೆ ನೋಡಿ ಸುಮ್ಮನಾದಿರಿ. ನಾನು ಪರದೆಯ ಮೇಲೆ ನೋಡಿ ಸುಮ್ಮನಾದೆ. ನಿಮ್ಮ ಮೇಲೆ ಸಿಟ್ಟು ಇಳಿದಿದೆ ಅಂತ ಇದರ ಅರ್ಥವಲ್ಲ. ಇಳಿದಿಲ್ಲ.

ಚೀಟಿಯನ್ನು ಆರು ವಾರ ಕೈಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಈ ವಿಷಯದಲ್ಲೂ ನಿಮ್ಮ ಮಗಳೇ. ಕೊನೆಗೆ ಹೋದ ತಿಂಗಳ ಕೊನೆಯ ಭಾನುವಾರ ಅಡುಗೆಯಕ್ಕನ ಮನೆಗೆ ಹೋದೆ. ಈಗ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದಾರೆ. ಬಾಗಿಲಲ್ಲೇ ಮಣೆ ಹಾಕಿಕೊಂಡು ಈರುಳ್ಳಿ ಸುಲಿಯುತ್ತಿದ್ದರು. ಏಳಲಿಲ್ಲ. ಚೀಟಿ ಕೊಟ್ಟೆ.

"ಕೈ ಒದ್ದೆ. ನೀವೇ ಓದಿ."

ಈ ಸಲ ಜೋರಾಗಿ ಓದಿದೆ. ಪಕ್ಕದ ಬಾಗಿಲಿನವರೂ ಕೇಳಿಸಿಕೊಂಡರು. "ತಾಯೀ, ನೀವು ಹೊತ್ತುಕೊಂಡ ಅಪವಾದ ನನ್ನದು. ಹುಳು ಇದ್ದದ್ದು ನನ್ನ ಹೊಟ್ಟೆಯಲ್ಲಿ. ನನಗೆ ಗೊತ್ತಿತ್ತು" ಅಂತ ನೀವು ಬರೆದ ಮೂರು ಸಾಲು. ಆಮೇಲೆ ನನ್ನ ಪಾಲಿನದನ್ನೂ ಹೇಳಿದೆ, ಪಾತ್ರೆ ಕಿತ್ತುಕೊಂಡದ್ದನ್ನೂ ಸೇರಿಸಿ. ಅವರು ಒಂದು ಈರುಳ್ಳಿ ಮುಗಿಸಿದರು, ಇನ್ನೊಂದು ತೆಗೆದುಕೊಂಡರು.

"ನಿಮ್ಮಪ್ಪನ ತಟ್ಟೆ ಲೋಟ ತೊಳೀತಿದ್ದೋಳು ನಾನು" ಅಂದರು. "ಅವ್ರು ಹೆಚ್ಚಿಟ್ಟ ಸೌತೆಕಾಯಿ ಮಿಕ್ಕಿದ್ರೆ ತಿಂತಿದ್ದೋಳೂ ನಾನೇ. ನನ್ನಿಂದ ಮಗೂಗೆ ಬಂತಾ ಅಂತ ನೋಡಿದ್ರಿ. ನನಗೇನಾದ್ರೂ ಬಂದಿದೆಯಾ ಅಂತ ಒಬ್ರಾದ್ರೂ ಕೇಳಿದ್ರಾ?"

ಸೀರೆಯ ಅಂಚು ಸ್ವಲ್ಪ ಎತ್ತಿ ಮೀನಖಂಡ ತೋರಿಸಿದರು. ಒಂದು ಗಂಟು, ಒಂದೂವರೆ ವರ್ಷದಿಂದ ಇದೆಯಂತೆ. ಅಪ್ಪಾ, ಅವರು ನಮ್ಮ ಮನೆಯಲ್ಲಿ ಓಡಾಡುವಾಗ ಆ ಕಾಲು ನಾನು ದಿನಾ ನೋಡಿದ್ದೇನೆ.

ಮಾರನೆಯ ದಿನ ಸ್ಕ್ಯಾನ್ ಮಾಡಿದೆ. ಗರ್ಭಿಣಿಯರ ಸರದಿಯನ್ನು ಹಿರಿಯರಿಗೆ ಒಪ್ಪಿಸಿ, ಒಂದು ಗಂಟೆ. ಕಾಲು, ತೊಡೆ, ಬೆನ್ನು, ತೋಳು, ಕತ್ತು, ಒಂದು ಅಂಗುಲವೂ ಬಿಡದೆ. ಜೆಲ್ಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಿದ್ದೆ. ಮೀನಖಂಡದಲ್ಲಿ ಒಂದೇ ಒಂದು. ಉದ್ದುದ್ದನೆಯ ಚೀಲ, ಒಳಗೆ ಕಪ್ಪು, ಬದಿಗೆ ಬಿಳಿ ಚುಕ್ಕೆ.

ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. "ನೋಡಿ ಅಕ್ಕಾ. ಇದು ಚೀಲ. ಇದು ಚುಕ್ಕೆ, ಹುಳುವಿನ ತಲೆ. ಮಗೂಗೆ ಬಂದದ್ದೇ ನಿಮಗೂ ಬಂದಿದೆ" ಅಂದೆ. ಅವರು ಪರದೆಯ ಹತ್ತಿರಕ್ಕೆ ಬಾಗಿದರು. "ಇಷ್ಟು ಚಿಕ್ಕದಾ?" ಅಂದರು.

ಅವರ ತಲೆಯ ಎಂಆರ್‌ಐ ಆಯಿತು. ತಲೆಯಲ್ಲಿ ಏನೂ ಇಲ್ಲ. ಇದು ನಮ್ಮ ಮನೆಯಿಂದಲೇ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಬರಲಿಲ್ಲ ಅಂತಲೂ ಹೇಳುವುದಿಲ್ಲ. ಮತ್ತೆ ಕೆಲಸಕ್ಕೆ ಬನ್ನಿ ಅಂದೆ. "ಬರಲ್ಲ" ಅಂದರು. ಕಾಲು ತೋರಿಸಲು ಮಾತ್ರ ತಿಂಗಳಿಗೊಮ್ಮೆ ಬರುತ್ತಾರಂತೆ.

ಬುಗುರಿಯ ಮೆದುಳಿನಲ್ಲಿರುವುದು ಕುಗ್ಗಿದೆ, ಊತ ಇಳಿದಿದೆ. ಫಿಟ್ಸಿನ ಮಾತ್ರೆ ಇನ್ನೂ ಬಹಳ ದಿನ ಬೇಕು. ತೋಳಿನಲ್ಲಿ ಈಗ ಚುಕ್ಕೆ ಕಾಣುವುದಿಲ್ಲ. ಹಿರಿಯರೇ ನೋಡಿದರು, ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

ಅಜ್ಜ ಯಾಕೆ ಬರುವುದಿಲ್ಲ ಅಂತ ಅವಳು ಕೇಳಿದರೆ ಏನು ಹೇಳಲಿ? ಇದನ್ನು ನಿಮ್ಮನ್ನೇ ಕೇಳುತ್ತಿದ್ದೇನೆ. ಚಾಕುವನ್ನು ನಾನು ಎಸೆದಿಲ್ಲ.

ಮಗಳು


ನವೆಂಬರ್ 25

ಮಗಳೇ,

ಮೂರು ವಾರದ ಅಂತರದಲ್ಲಿ ಎರಡು ಸಲ ಮರುಪರೀಕ್ಷೆಯಾಯಿತು. ನನ್ನಲ್ಲಿ ಈಗ ಏನೂ ಇಲ್ಲ. ಎರಡೂ ವರದಿ ಈ ಕಾಗದದ ಜೊತೆ ಇವೆ. ನನ್ನ ಮಾತಿನ ಮೇಲೆ ನಂಬಬೇಡ, ಓದಿ ನೋಡು. ತೂಕದಣ್ಣನದೂ ಮಾಡಿಸಿದೆ. ಅವನು ಕಸಾಯಿಖಾನೆಯಲ್ಲಿ ಒಂದು ಚೂರೂ ತಿಂದವನಲ್ಲ. "ನನ್ನದು ತೂಗೋ ಕೆಲಸ, ನಿನ್ನ ಹಾಗೆ ಕಚ್ಚೋದಲ್ಲ" ಅಂತ ಗೊಣಗಿಕೊಂಡೇ ಬಂದ. ಅವನಿಗೆ ಏನೂ ಇಲ್ಲ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೇರ ನಿಮ್ಮ ಮನೆಗಲ್ಲ. ಬಸ್ ನಿಲ್ದಾಣಕ್ಕೆ ಬಂದು ನನ್ನನ್ನು ಮೊದಲು ಅಡುಗೆಯಕ್ಕನ ಬಾಗಿಲಿಗೆ ಕರೆದುಕೊಂಡು ಹೋಗು. ಸೀಲು ಒತ್ತಿದವನೇ ಮೊದಲು ತಿನ್ನಬೇಕು ಅಂತ ಇದ್ದ ಆ ಪದ್ಧತಿಯಲ್ಲಿ ಬೇರೆಲ್ಲ ತಪ್ಪಿತ್ತು, ಅದೊಂದು ಮಾತ್ರ ಸರಿ ಇತ್ತು. ಚೀಟಿಯನ್ನು ನಿನ್ನ ಬಾಯಲ್ಲಿ ಓದಿಸಿದ್ದು ನನ್ನ ಇನ್ನೊಂದು ತಪ್ಪು. ಅವರು ಏನಾದರೂ ಅಂದರೆ ನನ್ನ ಎಡಗಿವಿಯ ಹತ್ತಿರ ಬಂದು ಅನ್ನಲಿ, ಅದರಲ್ಲಿ ಇನ್ನೂ ಸ್ವಲ್ಪ ಕೇಳಿಸುತ್ತದೆ. ಒಂದು ಮಾತೂ ತಪ್ಪಿಹೋಗಬಾರದು.

ಬುಗುರಿಗೆ ನೀನು ಏನೂ ಹೇಳಬೇಡ. ನಾನೇ ಹೇಳುತ್ತೇನೆ. ಅವಳಿಗೆ ಅರ್ಥವಾಗುವಷ್ಟನ್ನು, ಅವಳು ಕೇಳಿದಷ್ಟು ಸಲ. ಆಮೇಲೂ ನಾನು ಅವಳಿಗೆ ಬೇಕೋ ಬೇಡವೋ ಅವಳೇ ಹೇಳಲಿ.

ಚಾಕುವಿನ ಹಿಡಿಗೆ ಒಂದು ಮೊಳೆ ಹೊಡೆಸಿಡು. ಬಂದಾಗ ಅವಳಿಗೆ ಹೆಚ್ಚುವುದು ಕಲಿಸುತ್ತೇನೆ. ಬೆರಳು ಮಡಚಿ ಹಿಡಿಯುವುದು ಹೇಗೆ ಅಂತ ದೂರ ಕೂತು ಬಾಯಲ್ಲಿ ಹೇಳಿಕೊಡುತ್ತೇನೆ. ಹೆಚ್ಚುವವಳು ಅವಳು, ತಿನ್ನುವವಳೂ ಅವಳೇ. ಮಿಕ್ಕಿದ್ದರೆ, ಅವಳಾಗಿ ಕೊಟ್ಟರೆ, ನಾನು.

ಅಪ್ಪ